ಕಮ್ಯುನಿಸ್ಟರು ನಂಬುವುದೇನು? ಹೇಳಿದ್ದಕ್ಕೂ ನಡೆದದ್ದಕ್ಕೂ ಯಾಕಿಷ್ಟು ಅಂತರ?

ನಿಮ್ಮ ಮನೆ, ಬಟ್ಟೆ ಕಿತ್ತುಕೊಳ್ಳುವುದು ಕಮ್ಯುನಿಸಂ ಅಲ್ಲ. ಹೊಲ, ಗಣಿ, ಕಾರ್ಖಾನೆಗಳು ಕೆಲವರ ಸ್ವತ್ತಾಗಿರದೆ ದುಡಿಯುವವರೆಲ್ಲರದ್ದಾಗಬೇಕು ಅನ್ನುವುದು ಅದರ ತಿರುಳು. ಮೇಲು-ಕೆಳಗು ವರ್ಗಗಳೇ ಹೋದ ಮೇಲೆ ಸರ್ಕಾರವೂ ತಾನಾಗಿ ಕರಗುತ್ತದೆ ಅಂತ ಈ ಸಿದ್ಧಾಂತ ರೂಪಿಸಿದ ಚಿಂತಕರಾದ ಮಾರ್ಕ್ಸ್, ಎಂಗೆಲ್ಸ್ ನಂಬಿದ್ದರು.

ಕಮ್ಯುನಿಸ್ಟರು ಆಳಿದ ಸೋವಿಯತ್ ಒಕ್ಕೂಟದಲ್ಲಿ ಆದದ್ದು ಉಲ್ಟಾ. ಸರ್ಕಾರ ಊದಿಕೊಂಡಿತು. 1929ರಿಂದ ಅಲ್ಲಿನ ನಾಯಕ ಸ್ಟಾಲಿನ್ ರೈತರ ಜಮೀನು, ದನಗಳನ್ನು ಸಾಮೂಹಿಕ ಬೇಸಾಯಕ್ಕೆ ಎಳೆದುಕೊಂಡ. ಹೆಸರಿಗೆ ಎಲ್ಲರದ್ದು, ಬೆಳೆಯಲ್ಲಿ ಎಷ್ಟು ಕೊಡಬೇಕು ಅನ್ನುವುದು ಮಾತ್ರ ಮಾಸ್ಕೋದ ತೀರ್ಮಾನ! 1932ರ ಆಗಸ್ಟ್‌ನ ಕಾನೂನಿನಡಿ, ಕೊಯ್ಲಾದ ಹೊಲದಲ್ಲಿ ಉದುರಿದ ತೆನೆ ಆಯ್ದವರಿಗೂ 10 ವರ್ಷ ಶಿಕ್ಷೆ ಆಗುತ್ತಿತ್ತು. 1932-33ರಲ್ಲಿ, ಆಗ ಒಕ್ಕೂಟದ ಭಾಗವಾಗಿದ್ದ ಉಕ್ರೇನಿನಲ್ಲಿ ಹತ್ತಾರು ಲಕ್ಷ ಜನ ಹಸಿವಿನಿಂದ ಸತ್ತರು. ಧಾನ್ಯ ಹೊರದೇಶಕ್ಕೆ ಹೋಗುತ್ತಲೇ ಇತ್ತು.

ಅಂದಹಾಗೆ, ಕಮ್ಯುನಿಸಂ ತಲುಪಿಬಿಟ್ಟಿದ್ದೇವೆ ಅಂತ ಸೋವಿಯತ್ ನಾಯಕರೂ ಹೇಳಿಕೊಳ್ಳಲಿಲ್ಲ. ಇನ್ನೂ ಅದಕ್ಕಿಂತ ಮುಂಚಿನ ಸಮಾಜವಾದದ ಹಂತದಲ್ಲಿದ್ದೇವೆ ಅನ್ನುತ್ತಿದ್ದರು.