ಓದುಗರ ಪ್ರಶ್ನೆ: ಹಾವಸೆಯೊಳಗಿನ ರೋಟಿಫರ್ ಹೊಸದು ಎಂದು ಹೇಳುವುದು ಹೇಗೆ?

ಪ್ರಶ್ನೆ: ದೇವರಾಯನದುರ್ಗದ ದಾರಿಯ ಬಂಡೆಯಿಂದ ತಂದ ಹಾವಸೆಯನ್ನು ನೆನೆಸಿದಾಗ, ತಲೆಯಲ್ಲಿ ಎರಡು ಚಕ್ರ ತಿರುಗಿಸುವ ಜೀವಿಗಳು ಕಂಡವು. ಪುಸ್ತಕದ ಯಾವ ಚಿತ್ರಕ್ಕೂ ಹೊಂದುತ್ತಿಲ್ಲ. ಫಾರ್ಮಾಲಿನ್‌ನಲ್ಲಿ ಹಾಕಿಡಲೇ? ಹೊಸ ಪ್ರಭೇದವೆಂದು ತೋರಿಸಲು ಏನು ಮಾಡಬೇಕು?
– ಬಿ.ಎಸ್ಸಿ. ವಿದ್ಯಾರ್ಥಿನಿ, ತುಮಕೂರು

ಉತ್ತರ: ಫಾರ್ಮಾಲಿನ್ ಬೇಡವೇ ಬೇಡ. ನೀವು ಕಂಡದ್ದು ಡೆಲ್ಲಾಯ್ಡ್ ಗುಂಪಿನ ರೋಟಿಫರ್, ಸೂಕ್ಷ್ಮದರ್ಶಕದಲ್ಲಿ ನೋಡಬೇಕಾದ ಪುಟ್ಟ ಜಲಜೀವಿ. ಫಾರ್ಮಾಲಿನ್ ತಾಗಿದ ಕ್ಷಣವೇ ಅದು ತಲೆ, ಪಾದ ಎರಡನ್ನೂ ಒಳಗೆಳೆದುಕೊಂಡು ಉಂಡೆಯಾಗುತ್ತದೆ. ಆಮೇಲೆ ಕುಲವನ್ನು ಗುರುತಿಸುವುದೂ ಕಷ್ಟ. ಈ ಗುಂಪಿನ ವಿವರಣೆ ಬರೆಯುವುದು ಬದುಕಿರುವ, ತೆವಳುವ, ತಿನ್ನುವ ಪ್ರಾಣಿಯನ್ನು ನೋಡಿಯೇ.

ಉಳಿದ ಹಾವಸೆಯನ್ನು ನೆರಳಿನಲ್ಲಿ ಒಣಗಿಸಿ ಕಾಗದದ ಕವರಿನಲ್ಲಿಡಿ. ಪ್ಲಾಸ್ಟಿಕ್ಕಿನಲ್ಲಿಟ್ಟರೆ ಬೂಸ್ಟು ಹಿಡಿಯುತ್ತದೆ. ಕವರಿನ ಮೇಲೆ ದಿನಾಂಕ, ಅಕ್ಷಾಂಶ-ರೇಖಾಂಶ, ಬಂಡೆಯೋ ಮರದ ತೊಗಟೆಯೋ, ಬಿಸಿಲೋ ನೆರಳೋ ಎಂದು ಅಲ್ಲೇ ಬರೆಯಿರಿ. ಈ ವಿವರವಿಲ್ಲದ ಮಾದರಿಗೆ ಬೆಲೆಯಿಲ್ಲ.

ನೋಡಬೇಕಾದಾಗ ಒಂದು ಚಿಟಿಕೆ ಹಾವಸೆಯನ್ನು ಪೆಟ್ರಿ ತಟ್ಟೆಯಲ್ಲಿ ಮಳೆನೀರು ಹಾಕಿ ನೆನೆಸಿ. ಕ್ಲೋರಿನ್ ಹಾಕಿದ ನಲ್ಲಿನೀರು ಆಗದು. ಕೆಲವು ಗಂಟೆಗಳ ನಂತರ ಹಿಂಡಿ, ತಳದ ಕೆಸರನ್ನು ಡ್ರಾಪರಿನಲ್ಲಿ ತೆಗೆದು ಸ್ಲೈಡಿಗೆ ಹಾಕಿ. ಕವರ್‌ಸ್ಲಿಪ್ಪಿನ ಅಂಚಿಗೆ ಬ್ಲಾಟಿಂಗ್ ಕಾಗದದ ಮೂಲೆ ತಾಗಿಸಿ ನೀರನ್ನು ಸ್ವಲ್ಪ ಸ್ವಲ್ಪವೇ ಹೀರಿಸಿ. ಪ್ರಾಣಿ ಓಡಾಡಲಾಗದೆ ನಿಂತ ಕೂಡಲೇ ಕಾಗದ ತೆಗೆಯಿರಿ. ಇನ್ನೊಂದು ಹನಿ ಹೀರಿದರೂ ಅದು ಜಜ್ಜಿಹೋಗುತ್ತದೆ, ಅಳತೆಯೆಲ್ಲ ಸುಳ್ಳಾಗುತ್ತದೆ.

ಈಗ ಕುಲ ತಿಳಿಯಲು ಪಾದದ ತುದಿ ನೋಡಿ. ಬೆರಳು ನಾಲ್ಕಿದ್ದರೆ ಫಿಲೋಡಿನಾ ಇರಬಹುದು. ಮೂರಿದ್ದರೆ ರೋಟೇರಿಯಾ, ಮ್ಯಾಕ್ರೋಟ್ರಾಕೆಲಾ ಅಥವಾ ಹ್ಯಾಬ್ರೋಟ್ರೋಕಾ. ಬೆರಳೇ ಇಲ್ಲದೆ ಅಂಟುವ ಬಿಲ್ಲೆಯಿದ್ದರೆ ಮ್ನಿಯೋಬಿಯಾ. ಬೆರಳುಗಳನ್ನು ಅದು ಹೆಜ್ಜೆ ಊರುವಾಗ ಒಂದು ಕ್ಷಣ ಮಾತ್ರ ಹೊರಚಾಚುತ್ತದೆ. ಆದ್ದರಿಂದ ವಿಡಿಯೊ ಮಾಡಿಕೊಂಡು ನಿಧಾನವಾಗಿ ಓಡಿಸಿ ಎಣಿಸಿ. ಕೆಂಪು ಕಣ್ಣು ಮೂತಿಯ ತುದಿಯಲ್ಲಿದೆಯೋ ಹಿಂದೆ ಮೆದುಳಿನ ಮೇಲಿದೆಯೋ ನೋಡಿ: ಮೊದಲನೆಯದು ರೋಟೇರಿಯಾದ ಲಕ್ಷಣ, ಎರಡನೆಯದು ಫಿಲೋಡಿನಾದ್ದು. ಹೊಟ್ಟೆಯೊಳಗೆ ಆಹಾರ ಗುಳಿಗೆ ಗುಳಿಗೆಯಾಗಿ ಕಂಡರೆ ಹ್ಯಾಬ್ರೋಟ್ರೋಕಾ.

ಪ್ರಭೇದ ತೀರ್ಮಾನವಾಗುವುದು ಇದಕ್ಕಿಂತ ಸಣ್ಣ ಸಂಗತಿಗಳಲ್ಲಿ. ಚಕ್ರಗಳ ನಡುವಿನ ಮೇಲ್ತುಟಿಯ ಆಕಾರ, ಪಾದದ ಮೇಲಿನ ಜೋಡಿ ಮುಳ್ಳಿನ ಉದ್ದ ಮತ್ತು ನಡುವಿನ ಅಂತರ, ದವಡೆಯ ಹಲ್ಲುಗಳ ಸಂಖ್ಯೆ ಇವೇ ಮುಖ್ಯ. ಹಲ್ಲು ಎಣಿಸಲು ಒಂದು ಪ್ರಾಣಿಯ ಮೇಲೆ ತೆಳು ಮಾಡಿದ ಸೋಡಿಯಂ ಹೈಪೋಕ್ಲೋರೈಟ್ ಹನಿ ಬಿಡಿ. ಮೈ ಕರಗಿ ದವಡೆ ಮಾತ್ರ ಉಳಿಯುತ್ತದೆ. ಅದನ್ನು 100ರ ಆಯಿಲ್ ಲೆನ್ಸಿನಲ್ಲಿ ನೋಡಿ.

ಒಂದೇ ಪ್ರಾಣಿ ಅಳೆದು ನಿಲ್ಲಿಸಬೇಡಿ. ಮರಿಗಳ ಮುಳ್ಳು ಗಿಡ್ಡ. ಹಸಿದದ್ದರ ಬಣ್ಣ ಬೇರೆ, ಹೊಟ್ಟೆ ತುಂಬಿದ್ದರ ಬಣ್ಣ ಬೇರೆ. ತೆವಳುವಾಗಿನ ಮತ್ತು ತಿನ್ನುವಾಗಿನ ಅಳತೆಯನ್ನು ಪ್ರತ್ಯೇಕವಾಗಿ ಬರೆಯಿರಿ. ಈ ಗುಂಪಿನಲ್ಲಿ ಗಂಡು ಕಂಡದ್ದೇ ಇಲ್ಲ. ಹೆಣ್ಣು ಒಂಟಿಯಾಗಿಯೇ ವಂಶ ಬೆಳೆಸುತ್ತದೆ. ಹಾಗಾಗಿ ಒಂದನ್ನು ವಾಚ್‌ಗ್ಲಾಸಿನಲ್ಲಿ ಸಾಕಿದರೂ ಅದೇ ತಳಿಯ ಸಂಸಾರ ಸಿಗುತ್ತದೆ. ಆಹಾರಕ್ಕೆ ನೀರಲ್ಲಿ ಕದಡಿದ ಯೀಸ್ಟ್, ಸೂಜಿಮೊನೆಯಷ್ಟು ಸಾಕು. ಹೆಚ್ಚಾದರೆ ನೀರು ಕೆಟ್ಟು ಎಲ್ಲವೂ ಸಾಯುತ್ತವೆ.

ಕೊನೆಗೆ ಡಿಎನ್‌ಎ. ಕಣ್ಣಿಗೆ ಒಂದೇ ಎನಿಸುವ ರೋಟಿಫರ್‌ಗಳಲ್ಲಿ ಹಲವು ಪ್ರಭೇದಗಳು ಅಡಗಿರುವುದುಂಟು. ಕೆಲವನ್ನು ಒಂದೆರಡು ದಿನ ಉಪವಾಸವಿಟ್ಟು (ತಿಂದ ಆಹಾರದ ಡಿಎನ್‌ಎ ಬೆರೆಯಬಾರದು) ಶುದ್ಧ ಎಥನಾಲಿಗೆ ಹಾಕಿ. ಪ್ರಯೋಗಾಲಯದಲ್ಲಿ ಸಿಓಐ ಎಂಬ ಜೀನಿನ ಸುಮಾರು 650 ಅಕ್ಷರಗಳನ್ನು ಓದಿಸುತ್ತಾರೆ. ಹಳೆಯ ಪ್ರಭೇದಗಳ ಮೂಲ ವಿವರಣೆಗಳನ್ನು ಒಂದೊಂದಾಗಿ ಪಕ್ಕಕ್ಕಿಟ್ಟು ಹೋಲಿಸುವ ಕೆಲಸಕ್ಕೆ ಮಾತ್ರ ಇದು ಬದಲಿಯಲ್ಲ. ಹೆಚ್ಚು ಸಮಯ ಹಿಡಿಯುವುದೂ ಅದೇ, ಆತುರದವರು ಬಿಟ್ಟುಬಿಡುವುದೂ ಅದನ್ನೇ.

ಪ್ರಶ್ನೆ: ಬೇಸಿಗೆಯಲ್ಲಿ ನಮ್ಮ ಕಡೆ ಹಾವಸೆ ಪುಡಿಪುಡಿಯಾಗುತ್ತದೆ. ಆಗ ತಂದರೆ ಪ್ರಯೋಜನವಿದೆಯೇ?
– ಪ್ರೌಢಶಾಲಾ ಶಿಕ್ಷಕರು, ಮುಳಬಾಗಿಲು

ಉತ್ತರ: ಖಂಡಿತ ಇದೆ. ಹಾವಸೆ ಒಣಗುತ್ತಾ ಬಂದಂತೆ ಅದರೊಳಗಿನ ರೋಟಿಫರ್‌ಗಳು ಮೈ ಮುದುಡಿಕೊಂಡು ಜೀವ ಹಿಡಿದಿರುತ್ತವೆ, ನೀರು ಸಿಕ್ಕರೆ ಏಳುತ್ತವೆ. ಸೈಬೀರಿಯದ ಹೆಪ್ಪುಗಟ್ಟಿದ ನೆಲದಲ್ಲಿ ಸುಮಾರು 24,000 ವರ್ಷವಿದ್ದ ಅಡಿನೇಟಾ ಎಂಬ ಡೆಲ್ಲಾಯ್ಡ್ ರೋಟಿಫರ್ ಮತ್ತೆ ಚೇತರಿಸಿಕೊಂಡ ವರದಿ 2021ರಲ್ಲಿ ಬಂತು. ಮಕ್ಕಳಿಗೆ ತೋರಿಸಲು ಅಂತರಗಂಗೆಯವರೆಗೆ ಹೋಗಬೇಕಿಲ್ಲ, ಶಾಲೆಯ ಹೆಂಚಿನ ಮೇಲಿನ ಹಾವಸೆಯೂ ಆಗುತ್ತದೆ.

ಪ್ರಶ್ನೆ: ಹೊಸ ಪ್ರಭೇದಕ್ಕೆ ನಂದಿಬೆಟ್ಟದ ಹೆಸರಿಡಬಹುದೇ? ಅನುಮತಿ ಬೇಕೇ?
– ಓದುಗರು, ಚಿಕ್ಕಬಳ್ಳಾಪುರ

ಉತ್ತರ: ಧಾರಾಳವಾಗಿ ಇಡಬಹುದು. ಹೆಸರು ಲ್ಯಾಟಿನ್ ಲಿಪಿಯಲ್ಲಿ, ಕುಲ ಮತ್ತು ಪ್ರಭೇದ ಎಂದು ಎರಡು ಪದವಾಗಿರಬೇಕು. ಇದಕ್ಕೆ ಸಮೀಪದ ಪ್ರಭೇದಗಳಿಂದ ಹೇಗೆ ಭಿನ್ನ ಎಂಬುದನ್ನು ಬರೆದು, ಒಂದು ಮಾದರಿಯನ್ನು ಹೋಲೋಟೈಪ್ (ಆ ಹೆಸರಿಗೆ ಆಧಾರವಾಗುವ ಮಾದರಿ) ಎಂದು ಗೊತ್ತುಮಾಡಿ, ಅದು ಯಾವ ಸಂಗ್ರಹದಲ್ಲಿದೆ ಎಂದು ತಿಳಿಸಬೇಕು. ಪತ್ರಿಕೆ ಆನ್‌ಲೈನ್ ಮಾತ್ರ ಆಗಿದ್ದರೆ ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ದಾಖಲೆಯಾದ ಝೂಬ್ಯಾಂಕ್‌ನಲ್ಲಿ ನೋಂದಣಿಯೂ ಕಡ್ಡಾಯ. ಪ್ರಬಂಧ ಅಚ್ಚಾಗುವವರೆಗೆ ಹೊಸ ಹೆಸರನ್ನು ಸುದ್ದಿಗೆ, ವಾಟ್ಸಾಪಿಗೆ ಕೊಡಬೇಡಿ.

ಅರಣ್ಯ ಇಲಾಖೆಯ ಜಾಗದಿಂದ ಹಾವಸೆ ತೆಗೆಯುವುದಾದರೆ ಮೊದಲೇ ಲಿಖಿತ ಅನುಮತಿ ಪಡೆಯಿರಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ, ಹೊಸ ಪ್ರಭೇದ ಕಂಡವರು ಗೊತ್ತುಪಡಿಸಿದ ಸಂಗ್ರಹಾಲಯಕ್ಕೆ ತಿಳಿಸಿ ಮಾದರಿಯನ್ನು ಒಪ್ಪಿಸಬೇಕು. ಪ್ರಾಣಿಗಳ ಮಟ್ಟಿಗೆ ಅದು ಕೋಲ್ಕತ್ತದಲ್ಲಿ ಪ್ರಧಾನ ಕಚೇರಿಯಿರುವ ಭಾರತೀಯ ಪ್ರಾಣಿವಿಜ್ಞಾನ ಸರ್ವೇಕ್ಷಣೆ.