ಸ್ವಂತ ಕರ್ನಲ್‌ನ ಮೆಮ್‌ಕಾಪಿ ನಿಧಾನವಾಗಿದ್ದರೆ ಎವಿಎಕ್ಸ್ ಬಳಸಬೇಕೇ?

ಎಕ್ಸ್86-64 (ಇಂಟೆಲ್, ಎಎಂಡಿಗಳ 64 ಬಿಟ್) ಪ್ರೊಸೆಸರ್‌ಗಳಿಗಾಗಿ ನೀವು ಬರೆದ ಪುಟ್ಟ ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಯಂತ್ರವನ್ನು ಅನುಕರಿಸುವ ಕ್ಯೂಎಮು ತಂತ್ರಾಂಶದಲ್ಲಿ ಸರಾಗವಾಗಿ ಓಡುತ್ತದೆ, ಆದರೆ ನಿಜವಾದ ಲ್ಯಾಪ್‌ಟಾಪಿನಲ್ಲಿ ಪರದೆ ಒಂದು ಸಾಲು ಮೇಲೆ ಸರಿಯುವುದಕ್ಕೇ ಕೆಲವು ಸೆಕೆಂಡ್ ಹಿಡಿಯುತ್ತದೆ ಎಂದಿದ್ದೀರಿ. ಒಂದೊಂದೇ ಬೈಟ್ ಸಾಗಿಸುವ ನಿಮ್ಮ ಮೆಮ್‌ಕಾಪಿಯನ್ನು (ಮೆಮೊರಿಯ ಒಂದು ಜಾಗದಿಂದ ಇನ್ನೊಂದಕ್ಕೆ ನಕಲು ಮಾಡುವ ಫಂಕ್ಷನ್) ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿಯಲ್ಲಿರುವಂತೆ ಎವಿಎಕ್ಸ್ (ಒಮ್ಮೆಗೇ ಹಲವು ಬೈಟ್‌ಗಳ ಮೇಲೆ ಕೆಲಸ ಮಾಡುವ ಪ್ರೊಸೆಸರ್ ಸೂಚನೆಗಳು) ಬಳಸಿ ತಿದ್ದಿ ಬರೆಯಬೇಕೇ ಎಂಬುದು ನಿಮ್ಮ ಪ್ರಶ್ನೆ. ಬೇಡ ಎನ್ನುವುದು ನನ್ನ ಉತ್ತರ. ಏಕೆಂದರೆ ನಿಧಾನ ಇರುವುದು ಮೆಮ್‌ಕಾಪಿಯಲ್ಲಿ ಅಲ್ಲ, ಅದು ಎಲ್ಲಿಂದ ಓದುತ್ತಿದೆ ಎಂಬುದರಲ್ಲಿ.

1920×1080 ಪರದೆಯಲ್ಲಿ ಪ್ರತಿ ಪಿಕ್ಸೆಲ್‌ಗೆ 4 ಬೈಟ್‌ನಂತೆ ಒಂದು ಅಡ್ಡಗೆರೆಗೆ 7,680 ಬೈಟ್ ಆಗುತ್ತದೆ. ಅಕ್ಷರದ ಎತ್ತರ 16 ಪಿಕ್ಸೆಲ್ ಇದ್ದರೆ ಒಂದು ಸಾಲು ಸರಿಸಲು 1,064 ಅಡ್ಡಗೆರೆಗಳನ್ನು, ಅಂದರೆ 81,71,520 ಬೈಟ್‌ಗಳನ್ನು ಪರದೆಯ ಚಿತ್ರವಿರುವ ಮೆಮೊರಿಯಾದ ಫ್ರೇಮ್‌ಬಫರ್‌ನಿಂದ ಓದಿ ಮತ್ತೆ ಫ್ರೇಮ್‌ಬಫರ್‌ಗೇ ಬರೆಯುತ್ತಿದ್ದೀರಿ. ಕ್ಯೂಎಮುವಿನಲ್ಲಿ ಫ್ರೇಮ್‌ಬಫರ್ ಎಂದರೆ ಹೊರಗಿನ ಯಂತ್ರದ ಸಾಮಾನ್ಯ ರ್‍ಯಾಮ್, ಹಾಗಾಗಿ ಅಲ್ಲಿ ಏನೂ ತಿಳಿಯುವುದಿಲ್ಲ. ನಿಜವಾದ ಯಂತ್ರದಲ್ಲಿ ಅದು ಸಾಮಾನ್ಯವಾಗಿ ಕ್ಯಾಶ್‌ಗೆ (ಪ್ರೊಸೆಸರ್‌ನೊಳಗಿನ ವೇಗದ ಮೆಮೊರಿ) ಬಾರದ ಮೆಮೊರಿಯಾಗಿರುತ್ತದೆ; ಅಲ್ಲಿಂದ ಮಾಡುವ ಪ್ರತಿಯೊಂದು ಓದೂ ಗ್ರಾಫಿಕ್ಸ್ ಸಾಧನದವರೆಗೆ ಹೋಗಿ ಉತ್ತರ ತರುವ ತನಕ ಪ್ರೊಸೆಸರ್ ಸುಮ್ಮನೆ ಕಾಯಬೇಕಾಗುತ್ತದೆ. ಲೆಕ್ಕಕ್ಕೆಂದು ಒಂದು ಓದಿಗೆ ಅರ್ಧ ಮೈಕ್ರೋಸೆಕೆಂಡ್ ಎಂದು ಹಿಡಿಯಿರಿ: ಬೈಟ್‌ಗೊಂದು ಓದಿನಂತೆ ನಾಲ್ಕು ಸೆಕೆಂಡ್ ಕಳೆಯಿತು. ಎವಿಎಕ್ಸ್‌ನಲ್ಲಿ ಒಮ್ಮೆಗೆ 32 ಬೈಟ್ ಓದಿದರೆ ಓದುಗಳ ಸಂಖ್ಯೆ 2,55,360ಕ್ಕೆ ಇಳಿದು, ಸಮಯ ಸೆಕೆಂಡಿನ ಎಂಟನೇ ಒಂದು ಭಾಗದಷ್ಟಾಗುತ್ತದೆ. ಅಪಾಯ ಇರುವುದೇ ಇಲ್ಲಿ: ಮೂವತ್ತೆರಡು ಪಟ್ಟು ವೇಗ ಕಂಡು ಸಮಸ್ಯೆ ಬಗೆಹರಿಯಿತೆಂದು ನೀವು ಖುಷಿಪಡುತ್ತೀರಿ, ಆದರೂ ಸೆಕೆಂಡಿಗೆ ಎಂಟು ಸಾಲು ಮಾತ್ರ ಸರಿಯುತ್ತಿರುತ್ತದೆ.

ಫ್ರೇಮ್‌ಬಫರ್‌ನಿಂದ ಎಂದೂ ಓದಬೇಡಿ. ಪರದೆಯ ಒಂದು ನಕಲನ್ನು ರ್‍ಯಾಮ್‌ನಲ್ಲಿ ಇಟ್ಟುಕೊಂಡು, ಸರಿಸುವ ಕೆಲಸವನ್ನೆಲ್ಲ ಅಲ್ಲೇ ಮುಗಿಸಿ, ಬದಲಾದ ಭಾಗವನ್ನಷ್ಟೇ ಫ್ರೇಮ್‌ಬಫರ್‌ಗೆ ಬರೆಯಿರಿ. ಜೊತೆಗೆ ಪೇಜ್ ಟೇಬಲ್‌ನ (ಮೆಮೊರಿ ವಿಳಾಸಗಳ ನಕ್ಷೆ) ಪಿಎಟಿ ಸೌಲಭ್ಯದಿಂದ (ಯಾವ ಪ್ರದೇಶವನ್ನು ಹೇಗೆ ಕ್ಯಾಶ್ ಮಾಡಬೇಕೆಂದು ಹೇಳುವ ವ್ಯವಸ್ಥೆ) ಆ ಪ್ರದೇಶವನ್ನು ರೈಟ್-ಕಂಬೈನಿಂಗ್ ಎಂದು ಗುರುತಿಸಿದರೆ, ಸಾಲಾಗಿ ಮಾಡಿದ ಸಣ್ಣ ಸಣ್ಣ ಬರಹಗಳನ್ನು ಪ್ರೊಸೆಸರ್ 64 ಬೈಟ್‌ಗಳ ಕಂತೆ ಕಟ್ಟಿ ಕಳುಹಿಸುತ್ತದೆ. ಸರಿಸುವಾಗ ಮೂಲವೂ ಗುರಿಯೂ ಒಂದರ ಮೇಲೊಂದು ಬೀಳುವುದರಿಂದ ಅಲ್ಲಿ ಕರೆಯಬೇಕಾದದ್ದು ಮೆಮ್‌ಕಾಪಿಯನ್ನಲ್ಲ, ಹಾಗೆ ಬಿದ್ದರೂ ಸರಿಯಾಗಿ ನಕಲು ಮಾಡುವ ಮೆಮ್‌ಮೂವ್ ಅನ್ನು. ಇದನ್ನು ಕಡೆಗಣಿಸಿದ ಪ್ರೋಗ್ರಾಂಗಳು ನಕಲು ಮಾಡುವ ದಿಕ್ಕು ಬದಲಾದ ದಿನ ಮುರಿಯುತ್ತವೆ; 2010ರಲ್ಲಿ ಫೆಡೋರಾ 14ರ ಜಿಲಿಬ್‌ಸಿಯಲ್ಲಿ ಹಾಗೆ ಬದಲಾದಾಗ 64 ಬಿಟ್ ಫ್ಲ್ಯಾಶ್ ಪ್ಲೇಯರ್‌ನ ಧ್ವನಿ ಕೆಟ್ಟದ್ದು ಹೀಗೆಯೇ.

ಇನ್ನು ಎವಿಎಕ್ಸ್ ವಿಷಯ. ಜಿಲಿಬ್‌ಸಿಗೆ ಒಪ್ಪುವುದು ಕರ್ನಲ್‌ಗೆ ಒಪ್ಪುವುದಿಲ್ಲ. ಸಿಸ್ಟಂ ಕಾಲ್ ಅಥವಾ ಇಂಟರಪ್ಟ್ ಬಂದ ಗಳಿಗೆಯಲ್ಲಿ ಎವಿಎಕ್ಸ್ ಬಳಸುವ ವೈಎಂಎಂ ರಿಜಿಸ್ಟರ್‌ಗಳಲ್ಲಿ (ಪ್ರೊಸೆಸರ್‌ನೊಳಗಿನ ಪುಟ್ಟ ಸಂಗ್ರಹ ಜಾಗಗಳು) ಇರುವುದು ಬಳಕೆದಾರರ ಪ್ರೋಗ್ರಾಂನ ಲೆಕ್ಕ. ಅದನ್ನು ಉಳಿಸದೆ ನೀವು ಮುಟ್ಟಿದರೆ ಯಾವುದೋ ಪ್ರೋಗ್ರಾಂನ ದಶಮಾಂಶದ ಉತ್ತರ ಯಾವಾಗಲೋ ಒಮ್ಮೆ ತಪ್ಪುತ್ತದೆ, ಮತ್ತು ಆ ದೋಷವನ್ನು ಹುಡುಕಲು ವಾರಗಳೇ ಬೇಕಾಗುತ್ತವೆ. ಉಳಿಸಿ ಮರಳಿ ತುಂಬುವುದಾದರೆ ಎವಿಎಕ್ಸ್‌ಗೆ 832 ಬೈಟ್, ಎವಿಎಕ್ಸ್-512 ಸೇರಿದರೆ 2,688 ಬೈಟ್. ಇನ್ನೂರು ಬೈಟ್ ನಕಲು ಮಾಡುವ ಸಲುವಾಗಿ ಎಂಟುನೂರು ಬೈಟ್ ಎತ್ತಿಡುವುದು ಮೂಗಿಗಿಂತ ಮೂಗುತಿ ಭಾರ ಎಂಬಂತಾಗುತ್ತದೆ. ಲಿನಕ್ಸ್ ಕರ್ನಲ್ ಕೂಡ ಈ ರಿಜಿಸ್ಟರ್‌ಗಳನ್ನು ಗೂಢಲಿಪಿ, ರೇಡ್ (ಹಲವು ಡಿಸ್ಕ್‌ಗಳನ್ನು ಒಂದಾಗಿ ಬಳಸುವ ವಿಧಾನ) ಮುಂತಾದ ಭಾರೀ ಲೆಕ್ಕಗಳಿಗೆ ಮೀಸಲಿಟ್ಟಿದೆಯೇ ಹೊರತು ಸಾಮಾನ್ಯ ಮೆಮ್‌ಕಾಪಿಗೆ ಬಳಸುವುದಿಲ್ಲ.

ಅಲ್ಲಿನ ಮೆಮ್‌ಕಾಪಿ ನೋಡಿದರೆ ನಿಮಗೆ ನಿರಾಶೆಯೇ ಆಗಬಹುದು. ಸಣ್ಣ ನಕಲಿಗೂ ವೇಗವಾದ ರೆಪ್ ಮೂವ್‌ಎಸ್‌ಬಿ (ಹೇಳಿದಷ್ಟು ಬೈಟ್‌ಗಳನ್ನು ತಾನೇ ನಕಲು ಮಾಡುವ ಒಂದೇ ಸೂಚನೆ) ಇರುವ ಪ್ರೊಸೆಸರ್‌ಗಳಲ್ಲಿ (ಇಂಟೆಲ್‌ನಲ್ಲಿ ಐಸ್ ಲೇಕ್‌ನಿಂದ ಈಚೆಗೆ) ಅದು ಎಣಿಸಿ ನಾಲ್ಕೈದು ಸೂಚನೆಗಳು. ಉಳಿದವುಗಳಲ್ಲಿ ಬಿಚ್ಚಿ ಬರೆದ ಸಾಧಾರಣ ಲೂಪ್. ಯಾವುದು ಬೇಕೆಂಬುದನ್ನು ಬೂಟ್ ಆಗುವಾಗ ಒಮ್ಮೆ ನಿರ್ಧರಿಸಿ, ಕರ್ನಲ್ ತನ್ನ ಸೂಚನೆಗಳನ್ನೇ ತಿದ್ದಿಕೊಳ್ಳುತ್ತದೆ. 2012ರ ಐವಿ ಬ್ರಿಜ್‌ನಿಂದಲೂ ದೊಡ್ಡ ನಕಲಿಗೆ ರೆಪ್ ಮೂವ್‌ಎಸ್‌ಬಿ ಚೆನ್ನಾಗಿಯೇ ಇದೆ, ಆದರೆ ಪ್ರತಿ ಸಲ ಶುರುವಾಗಲು ಹತ್ತಾರು ಸೈಕಲ್ ತಿನ್ನುತ್ತಿದ್ದುದರಿಂದ ಸಣ್ಣ ನಕಲಿಗೆ ಅದು ಹೊರೆಯಾಗಿತ್ತು.

ಈ ಸೂಚನೆಯನ್ನು ನಾನು ಮೆಚ್ಚುವುದು ವೇಗಕ್ಕಿಂತ ಹೆಚ್ಚಾಗಿ ಅದು ತಪ್ಪಿದಾಗ ನಡೆದುಕೊಳ್ಳುವ ರೀತಿಗೆ. ಬಳಕೆದಾರರ ಬಫರ್‌ನಿಂದ 6,000 ಬೈಟ್ ತರಬೇಕಿದೆ, ಬಫರ್ ಒಂದು ಪೇಜ್‌ನ (4,096 ಬೈಟ್‌ಗಳ ಮೆಮೊರಿ ತುಂಡು) ಆರಂಭದಲ್ಲೇ ಇದೆ, ಆದರೆ ಎರಡನೇ ಪೇಜ್ ಮ್ಯಾಪ್ ಆಗಿಲ್ಲ ಎಂದಿಟ್ಟುಕೊಳ್ಳಿ. 4,096 ಬೈಟ್ ಮುಗಿದ ಕೂಡಲೇ ಪೇಜ್ ಫಾಲ್ಟ್ (ಆ ವಿಳಾಸಕ್ಕೆ ಮೆಮೊರಿ ಇಲ್ಲವೆಂಬ ಪ್ರೊಸೆಸರ್‌ನ ದೂರು) ಬರುತ್ತದೆ. ಆಗ ಬಾಕಿ ಬೈಟ್‌ಗಳನ್ನು ಎಣಿಸುವ ಆರ್‌ಸಿಎಕ್ಸ್ ರಿಜಿಸ್ಟರಿನಲ್ಲಿ 1,904 ಎಂಬ ಸಂಖ್ಯೆ ತಾನಾಗಿಯೇ ಉಳಿದಿರುತ್ತದೆ. ನಿಮ್ಮ ಫಾಲ್ಟ್ ಹ್ಯಾಂಡ್ಲರ್, ತಪ್ಪಿದ ಸೂಚನೆಯ ವಿಳಾಸವನ್ನು ಒಂದು ಪಟ್ಟಿಯಲ್ಲಿ ಹುಡುಕಿ, ಅದಕ್ಕೆ ಜೋಡಿಸಿಟ್ಟ ಪರಿಹಾರದ ವಿಳಾಸಕ್ಕೆ ಹಾರಿಸಿದರೆ ಸಾಕು, "ಇನ್ನೂ 1,904 ಬೈಟ್ ಬಾಕಿ" ಎಂಬ ಉತ್ತರ ಸಿದ್ಧ. ಎಂಟು ರಿಜಿಸ್ಟರ್‌ಗಳಿಗೆ ಓದಿಕೊಂಡು ಆಮೇಲೆ ಬರೆಯುವ ಚತುರ ಲೂಪ್‌ನಲ್ಲಿ ಇದೇ ಲೆಕ್ಕ ಬೆವರಿಳಿಸುತ್ತದೆ.

ಹಳೆಯ ಪ್ರೊಸೆಸರಿಗೆಂದು ಸಣ್ಣ ನಕಲನ್ನು ನೀವೇ ಬರೆಯುವುದಾದರೆ ಒಂದು ಉಪಾಯ ನೆನಪಿರಲಿ. 13 ಬೈಟ್‌ಗೆ ಲೂಪ್ ಬೇಕಿಲ್ಲ: 0ರಿಂದ 7ರವರೆಗಿನ ಎಂಟನ್ನು ಒಂದು ರಿಜಿಸ್ಟರಿಗೆ, 5ರಿಂದ 12ರವರೆಗಿನ ಎಂಟನ್ನು ಇನ್ನೊಂದಕ್ಕೆ ಓದಿ, ಎರಡನ್ನೂ ಬರೆದುಬಿಡಿ. ನಡುವಿನ ಮೂರು ಬೈಟ್ ಎರಡು ಸಲ ಬರೆಯಲ್ಪಟ್ಟರೂ ನಷ್ಟವಿಲ್ಲ. 8ರಿಂದ 16ರವರೆಗಿನ ಯಾವ ಅಳತೆಗೂ ಇದೇ ನಾಲ್ಕು ಸೂಚನೆ ಸಾಕು.

ಸಿ ಭಾಷೆಯಲ್ಲೇ ಬರೆದರೆ ಮಾತ್ರ ಎಚ್ಚರ. ಹಿಂದೊಮ್ಮೆ ನನ್ನ ಮೆಮ್‌ಕಾಪಿಯ ಸರಳ ಲೂಪನ್ನು ನೋಡಿದ ಜಿಸಿಸಿ ಕಂಪೈಲರ್, ಇದು ಮೆಮ್‌ಕಾಪಿಯಂತಿದೆಯಲ್ಲ ಎಂದು ಗುರುತಿಸಿ, ಲೂಪಿನ ಜಾಗದಲ್ಲಿ ಮೆಮ್‌ಕಾಪಿಗೇ ಒಂದು ಕರೆ ಇಟ್ಟಿತ್ತು. ತನ್ನನ್ನೇ ಕರೆದುಕೊಳ್ಳುತ್ತ ಸ್ಟ್ಯಾಕ್ ಮುಗಿದು ಯಂತ್ರ ಮತ್ತೆ ಮತ್ತೆ ರೀಬೂಟ್ ಆಗುತ್ತಿದ್ದರೆ ನಾನು ಎರಡು ಸಂಜೆ ಪೇಜ್ ಟೇಬಲ್ ತಡಕಾಡಿದೆ. ಆ ಒಂದು ಫೈಲಿಗೆ ಲೂಪ್ ಗುರುತಿಸುವ ಆಪ್ಟಿಮೈಸೇಶನ್ ನಿಲ್ಲಿಸಿ, ಇಲ್ಲವೇ ಅಸೆಂಬ್ಲಿಯಲ್ಲಿ ಬರೆಯಿರಿ.

ಅಳೆಯುವಾಗ ಒಂದೇ 4 ಕಿಲೋಬೈಟ್ ಬಫರನ್ನು ಲಕ್ಷ ಸಲ ನಕಲು ಮಾಡಿ ಸರಾಸರಿ ತೆಗೆಯಬೇಡಿ. ಅದು ಎಲ್1 ಕ್ಯಾಶ್‌ನಿಂದ ಹೊರಗೇ ಹೋಗುವುದಿಲ್ಲ. ಲಿನಕ್ಸ್‌ನಲ್ಲಿ ಪರ್ಫ್ ಬೆಂಚ್ ಉಪಕರಣದ ಮೆಮ್ ವಿಭಾಗದಲ್ಲಿ ಕರ್ನಲ್‌ನ ಮೆಮ್‌ಕಾಪಿ ಬಗೆಗಳನ್ನು ಬೇರೆ ಬೇರೆ ಅಳತೆಗಳಲ್ಲಿ ಓಡಿಸಿ ನೋಡಬಹುದು. ಮೊದಲು ಅದನ್ನು ನಿಮ್ಮ ಅದೇ ಲ್ಯಾಪ್‌ಟಾಪಿನಲ್ಲಿ 64 ಬೈಟ್‌ಗೆ, 4 ಕಿಲೋಬೈಟ್‌ಗೆ, 8 ಮೆಗಾಬೈಟ್‌ಗೆ ಓಡಿಸಿ, ಆಮೇಲೆ ಅಸೆಂಬ್ಲಿಗೆ ಕೈ ಹಾಕಿ.