ಹನಿ ಎಣಿಸುವಷ್ಟು ಪುರುಸೊತ್ತು ಬೇಕು

ಪ್ರಶ್ನೆ: ನಾನು ಬದಿಯಡ್ಕ ಕಡೆಯವಳು, ಬಿಎಸ್ಸಿ ಓದುತ್ತಿದ್ದೇನೆ. ಅಸಿಟೋನ್ ಮತ್ತು ನೀರಿನ ಮಿಶ್ರಣವನ್ನು ಭಟ್ಟಿ ಇಳಿಸಿ ಬೇರ್ಪಡಿಸುವ ಪ್ರಾಕ್ಟಿಕಲ್ ಇತ್ತು. ಆವಿ ಏರಿ ಹೋಗಲು ಗಾಜಿನ ಮಣಿ ತುಂಬಿದ ಉದ್ದ ಕೊಳವೆ, ಅಂದರೆ ಕಾಲಮ್ಮೂ ಇತ್ತು. ಬಸ್ಸು ತಪ್ಪೀತು ಅಂತ ಹೀಟರಿನ ನಾಬ್ ಪೂರ್ತಿ ತಿರುಗಿಸಿದೆ. ಬೇಗ ಮುಗಿಯಿತು, ಆದರೆ ಥರ್ಮಾಮೀಟರ್ 56 ಡಿಗ್ರಿಯ ಹತ್ತಿರ ನಿಲ್ಲದೆ ಏರುತ್ತಲೇ ಹೋಯಿತು. ನಿಧಾನ ಮಾಡಿದ ಗೆಳತಿಯದ್ದು ಚೆನ್ನಾಗಿ ಬಂತು. ಅಸಿಟೋನ್ 56ಕ್ಕೆ, ನೀರು 100ಕ್ಕೆ ಕುದಿಯುತ್ತದೆ ಅಂದಮೇಲೆ ಬಿಸಿ ಜಾಸ್ತಿಯಾದರೆ ಏನಾಯಿತು?

ಉತ್ತರ: ಅಸಿಟೋನ್ ಪೂರ್ತಿ ಹೋದ ಮೇಲೆ ನೀರಿನ ಸರದಿ ಅಂತ ನೀವು ಅಂದುಕೊಂಡಿದ್ದೀರಿ, ಅಲ್ವಾ? ಹಾಗಿಲ್ಲ. ಎರಡೂ ಒಟ್ಟಿಗೇ ಆವಿಯಾಗುತ್ತವೆ, ಆವಿಯಲ್ಲಿ ಅಸಿಟೋನಿನ ಪಾಲು ಜಾಸ್ತಿ, ಅಷ್ಟೇ. ಉಳಿದ ಕೆಲಸವೆಲ್ಲ ಕಾಲಮ್ಮಿನದ್ದು.

ಮನೆಯಲ್ಲಿ ಆವಿಯಲ್ಲಿ ಬೇಯಿಸುವ ಅಟ್ಟಿನಳಗೆಯಲ್ಲಿ ಕೊಟ್ಟಿಗೆ ಕಡುಬು ಬೇಯುವಾಗ ಮುಚ್ಚಳ ಎತ್ತಿ ನೋಡಿ. ಒಳಬದಿಯಲ್ಲಿ ಹನಿ ಕಟ್ಟಿ ಕೆಳಗೆ ತೊಟ್ಟಿಕ್ಕುತ್ತಿರುತ್ತದೆ. ಗಾಜಿನ ಮಣಿಗಳ ಮೇಲೂ ಇದೇ ಕಥೆ. ಏರುವ ಆವಿಯಲ್ಲಿದ್ದ ನೀರು ಹೆಚ್ಚಾಗಿ ಹನಿಯಾಗಿ ಇಳಿಯುತ್ತದೆ, ಆಗ ಅದು ಬಿಟ್ಟ ಬಿಸಿಗೆ ಪಕ್ಕದ ಹನಿಯಲ್ಲಿದ್ದ ಅಸಿಟೋನ್ ಮತ್ತೆ ಆವಿಯಾಗಿ ಮೇಲೇರುತ್ತದೆ, ಹೀಗೆ ಎಷ್ಟು ಸಲ ನಡೆಯುತ್ತದೋ ಅಷ್ಟು ಶುದ್ಧ. ನೀವು ನಾಬ್ ತಿರುಗಿಸಿದ್ದೇ ತಡ, ಇದಕ್ಕೆಲ್ಲ ಪುರುಸೊತ್ತೇ ಸಿಗಲಿಲ್ಲ. ಆವಿ ನೀರನ್ನೂ ಎಳೆದುಕೊಂಡು ಸೀದಾ ಆವಿಯನ್ನು ತಣಿಸಿ ದ್ರವ ಮಾಡುವ ಕಂಡೆನ್ಸರಿಗೆ ನುಗ್ಗಿತು. ಬಿಸಿ ವಿಪರೀತವಾದರೆ ಇಳಿಯಬೇಕಾದ ದ್ರವ ಕಾಲಮ್ಮಿನಲ್ಲೇ ಕಟ್ಟಿ ನಿಂತು ಗುಳುಗುಳು ಅನ್ನುವುದೂ ಉಂಟು.

ಹಾಗಂತ ತೀರಾ ಕಡಿಮೆ ಬಿಸಿಯೂ ಆಗದು. ಆವಿ ಅರ್ಧ ದಾರಿಯಲ್ಲೇ ತಣಿದು ವಾಪಸ್ ಬರುತ್ತದೆ, ಥರ್ಮಾಮೀಟರಿನ ಬುರುಡೆಗೆ ಸರಿಯಾಗಿ ತಾಗದೆ ಅದು ಕಡಿಮೆ ತೋರಿಸುತ್ತದೆ. ಎರಡು ಮೂರು ಸೆಕೆಂಡಿಗೆ ಒಂದು ಹನಿ ಬೀಳುವ ಹಾಗೆ ನೋಡಿಕೊಳ್ಳಿ. ಆಟಿ ಮಳೆಯಲ್ಲಿ ಕಿಟಕಿಯಿಂದ ಥಂಡಿ ಗಾಳಿ ಬರುತ್ತಿದ್ದರೆ ಕಾಲಮ್ಮಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. (ಅಸಿಟೋನ್ ಇರುವಲ್ಲಿ ಬರ್ನರ್ ಮಾತ್ರ ಬೇಡವೇ ಬೇಡ, ಭಗ್ ಅಂತ ಹತ್ತಿಕೊಳ್ಳುತ್ತದೆ.)

ಗೆಳತಿಯ ಅಸಿಟೋನಿನಲ್ಲೂ ಸ್ವಲ್ಪ ನೀರು ಇದ್ದೇ ಇರುತ್ತದೆ, ಕೊನೆಯ ಆ ಚೂರು ತುಂಬ ಹಠಮಾರಿ. ಮುಂದೆ ಎಥೆನಾಲ್ ಮತ್ತು ನೀರಿನ ಪ್ರಾಕ್ಟಿಕಲ್ ಬಂದರೆ ಇನ್ನೂ ಒಂದು ಗಮ್ಮತ್ತು ಇದೆ. ತೂಕದಲ್ಲಿ ಶೇ. 95.6 ಎಥೆನಾಲ್ ಆದ ಮೇಲೆ ಆವಿಯಲ್ಲೂ ದ್ರವದಲ್ಲೂ ಪಾಲು ಒಂದೇ ಆಗಿಬಿಡುತ್ತದೆ. ಆಮೇಲೆ ಎಷ್ಟು ನಿಧಾನ ಮಾಡಿದರೂ ಮುಂದೆ ಹೋಗದು. ಅವತ್ತು ಸುಮ್ನೆ ಕಾಯಬೇಡಿ, ಬಸ್ಸು ಹಿಡಿಯಿರಿ.